ಒಂದು ನಂಬರ್ ನೋಡಿ ಡೋಸ್ ಏರಿಸ್ಬೇಡಿ: ನಮ್ಮ ಕೆಂಚನ ಸಕ್ಕರೆ ಲೆಕ್ಕ

ಭಾಗ 1/5

ಫೋಟೋದಲ್ಲಿರೋದು ಕೆಂಚ. ವಯಸ್ಸು ಒಂಬತ್ತು. ಚಿಗಟೇರಿಯ ನಮ್ಮನೆ ಕಟ್ಟೆ ಮೇಲೆ ಮಲಗಿ ಹೋಗೋ ಬರೋರನ್ನ ನೋಡೋದೇ ಇವನ ಉದ್ಯೋಗ. ಎರಡು ತಿಂಗಳ ಹಿಂದೆ ಇವನಿಗೆ ಶುಗರ್ ಅಂತ ಗೊತ್ತಾಯ್ತು. ಹೌದು, ಬೆಕ್ಕಿಗೂ ಬರುತ್ತೆ. ಸ್ಟೋರಿ ಹಾಕಿದಾಗ ಕ್ಲಾಸಿನ ಅರ್ಧ ಜನ ನಕ್ಕಿದ್ರಿ, ಇನ್ನರ್ಧ ಜನ "ಇವತ್ತು ಎಷ್ಟಿದೆ ರೀಡಿಂಗ್?" ಅಂತ ಕೇಳಿದ್ರಿ. ನಕ್ಕವರ ಮೇಲೆ ಸಿಟ್ಟಿಲ್ಲ. ನಾನು ಬರೀತಿರೋದು ಆ ಎರಡನೇ ಪ್ರಶ್ನೆ ಬಗ್ಗೆ. ಇವತ್ತು ಎಷ್ಟಿದೆ, ಇವತ್ತು ಎಷ್ಟಿದೆ ಅಂತ ನಾನೇ ದಿನಾ ಕೇಳ್ಕೊಂಡು ಕೇಳ್ಕೊಂಡು ಕೆಂಚನ್ನ ಕಳ್ಕೊಳ್ಳೋ ಮಟ್ಟಕ್ಕೆ ಹೋಗಿದ್ದೆ.

ಮೊದಲು ಗಮನಿಸಿದ್ದು ಅಜ್ಜಿ. "ಯವ್ವಾ, ಈ ಬೆಕ್ಕು ಎಮ್ಮಿ ಕುಡದಂಗ ನೀರು ಕುಡೀತೈತಿ" ಅಂದ್ಲು. ಬಚ್ಚಲಿನ ಬಕೆಟ್‌ಗೆ ಮುಖ ಹಾಕ್ತಿದ್ದ. ಎಲ್ಲೆಂದರಲ್ಲಿ ಉಚ್ಚೆ. ತಿನ್ನೋದು ಡಬಲ್ ಆಗಿತ್ತು, ಆದ್ರೆ ಬೆನ್ನು ಮುಟ್ಟಿದ್ರೆ ಮೂಳೆ ಸಿಗ್ತಿತ್ತು. ಅಜ್ಜಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ, ಅವಳಿಗೆ ಇದೆಲ್ಲ ಗೊತ್ತಿರೋ ಲಕ್ಷಣ. ನಾನು ಮಾತ್ರ "ಬೇಸಿಗೆ, ಅದಕ್ಕೇ" ಅಂತ ಎರಡು ವಾರ ತಳ್ಳಿದೆ.

ಭಾಗ 2/5

ಬುಟ್ಟಿಗೆ ಬಟ್ಟೆ ಕಟ್ಟಿ ಹರಪನಹಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಲ್ಲಿ ದಾವಣಗೆರೆ. (ದಾವಣಗೆರೆಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ನಮ್ಮೂರ ಹೆಸರೇ ಇದೆ, ಚಿಗಟೇರಿ ಆಸ್ಪತ್ರೆ. ಬೆಕ್ಕನ್ನ ಅಲ್ಲಿಗೆ ಕರ್ಕೊಂಡು ಹೋಗಕ್ಕಾಗಲ್ಲ ಅಷ್ಟೇ.) ಕ್ಲಿನಿಕ್‌ನಲ್ಲಿ ಕಿವಿಯಿಂದ ಒಂದು ಹನಿ ತೆಗೆದು ನೋಡಿದ್ರೆ 412. ನನಗೆ ಎದೆ ಧಸಕ್ ಅಂತು. ಡಾಕ್ಟರ್ ಮೇಡಂ ಮಾತ್ರ ಆ ನಂಬರನ್ನ ಪೂರ್ತಿ ನಂಬಲೇ ಇಲ್ಲ.

ಕಾರಣ ಇದು. ಬೆಕ್ಕು ಹೆದರಿದ್ರೆ ಸಾಕು, ಶುಗರ್ ಏರುತ್ತೆ. ಸಾಮಾನ್ಯವಾಗಿ 70ರಿಂದ 150ರ ಆಸುಪಾಸಲ್ಲಿ ಇರೋದು, ಬಸ್ಸು, ನಾಯಿ ಬೊಗಳೋದು, ಹೊಸ ಜಾಗ ಇಷ್ಟರಿಂದಲೇ 300 ದಾಟಬಹುದು. ಶುಗರ್ ಕಾಯಿಲೆ ಇಲ್ಲದ ಬೆಕ್ಕಿಗೂ ಹೀಗಾಗುತ್ತೆ. ಅದಕ್ಕೆ ಮೇಡಂ ಉಚ್ಚೆಯಲ್ಲಿ ಸಕ್ಕರೆ ಇದೆಯಾ ನೋಡಿದ್ರು, ಫ್ರಕ್ಟೋಸಮೈನ್ ಅನ್ನೋ ಟೆಸ್ಟಿಗೆ ರಕ್ತ ಕಳಿಸಿದ್ರು. ಇದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತೆ. ನಮ್ಮ ಮನೆ ಹಿರಿಯರಿಗೆ ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸ್ತೀವಲ್ಲ, ಆ ಥರ.

ಬಿಕಾಂನವರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಗ್ಲೂಕೋಮೀಟರ್ ರೀಡಿಂಗ್ ಅಂದ್ರೆ ಕ್ಯಾಶ್ ಬುಕ್‌ನ ಒಂದು ಎಂಟ್ರಿ. ಒಂದು ಎಂಟ್ರಿ ನೋಡಿ ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಅಂತ ಯಾರಾದ್ರೂ ಹೇಳಿದ್ರೆ ನಮ್ಮ ಅಕೌಂಟ್ಸ್ ಮೇಷ್ಟ್ರು ಕ್ಲಾಸಿಂದ ಹೊರಗೆ ಹಾಕ್ತಾರೆ. ಇದು ನನಗೆ ಪರೀಕ್ಷೆ ಬರೆಯೋಕೆ ಗೊತ್ತಿತ್ತು, ಮನೇಲಿ ಗೊತ್ತಾಗ್ಲಿಲ್ಲ.

ಭಾಗ 3/5

ರಿಪೋರ್ಟ್ ಬಂತು, ಶುಗರ್ ಖಾತ್ರಿ ಆಯ್ತು. ಗ್ಲಾರ್ಜಿನ್ ಇನ್ಸುಲಿನ್, ಹನ್ನೆರಡು ಗಂಟೆಗೊಮ್ಮೆ 1 ಯೂನಿಟ್. ಮೇಡಂ ಸ್ಪಷ್ಟವಾಗಿ ಹೇಳಿದ್ರು: "ಒಂದು ವಾರ ಡೋಸ್ ಮುಟ್ಟಬೇಡಮ್ಮ. ಏರುತ್ತೆ, ಇಳಿಯುತ್ತೆ, ಬರೆದಿಡು, ನನಗೆ ಕಳಿಸು."

ಮೊದಲ ದಿನ 340. ಎರಡನೇ ದಿನ 290, ಖುಷಿಯೋ ಖುಷಿ. ಮೂರನೇ ದಿನ 388. ನಾನೇನೋ ತಪ್ಪು ಮಾಡ್ತಿದೀನಿ ಅನ್ನಿಸ್ತು. ಫೋನಲ್ಲಿ ಅದೂ ಇದೂ ಓದಿ, ಮೇಡಂಗೆ ಹೇಳದೆ ಸಂಜೆ 2 ಯೂನಿಟ್ ಹಾಕಿದೆ. ಮರುದಿನ 401. ಸಂಜೆ 3 ಹಾಕಿದೆ.

ರಾತ್ರಿ ಹನ್ನೊಂದೂವರೆಗೆ ಜೋಳದ ಚೀಲದ ಹಿಂದೆ ಸಿಕ್ಕ. ಎದ್ದು ನಿಲ್ಲೋಕೆ ಹೋಗಿ ಕುಡಿದವರ ಥರ ವಾಲಿ ಬಿದ್ದ. ಕಿವಿ, ಮೂತಿ ಅದುರ್ತಿತ್ತು. ಕೈ ನಡುಗ್ತಾ ಚುಚ್ಚಿ ನೋಡಿದ್ರೆ 36. ನಾನು ಅಳ್ತಾ ಕೂತೆ. ಅಜ್ಜಿ ಹಾಸಿಗೆಯಿಂದಲೇ ಕೂಗಿದ್ಲು: "ಸಕ್ರಿ ಇಳದೈತಿ ಅದಕ್ಕ. ನಂಗೂ ಹಿಂಗ ಆಗಿತ್ತಲ್ಲ. ಬೆಲ್ಲದ ನೀರು ತಗಂಬಾ, ಬಾಯಾಗ ಸುರೀಬ್ಯಾಡ, ವಸಡಿಗೆ ಹಚ್ಚು." ಬೆರಳಲ್ಲಿ ಸ್ವಲ್ಪ ಸ್ವಲ್ಪ ಹಚ್ಚಿದ್ವಿ. ಸುರಿಯಬಾರದು, ಯಾಕಂದ್ರೆ ನುಂಗೋ ಶಕ್ತಿ ಇಲ್ಲದಾಗ ಶ್ವಾಸಕೋಶಕ್ಕೆ ಹೋಗುತ್ತೆ. ಕಾಲು ಗಂಟೆ ಆದ್ಮೇಲೆ ತಲೆ ಎತ್ತಿದ. ಮೇಡಂ ಆ ಹೊತ್ತಲ್ಲೂ ಫೋನ್ ಎತ್ತಿದ್ರು. ಬೈಲಿಲ್ಲ. ತಿನ್ನೋಕೆ ಕೊಡು, ಗಂಟೆಗೊಮ್ಮೆ ನೋಡು, ಬೆಳಿಗ್ಗೆ ಇನ್ಸುಲಿನ್ ಹಾಕೋ ಮೊದಲು ನನಗೆ ಫೋನ್ ಮಾಡು ಅಂದ್ರು.

ಈಗ ನಿಜವಾದ ವಿಷಯ. ಬೆಳಿಗ್ಗೆ ಎಂಟಕ್ಕೆ ರೀಡಿಂಗ್ 430. ರಾತ್ರಿ 36, ಬೆಳಿಗ್ಗೆ 430! ಬೆಲ್ಲ, ಊಟ ಒಂದು ಕಡೆ. ಇನ್ನೊಂದು ಕಡೆ, ಸಕ್ಕರೆ ತೀರಾ ಇಳಿದಾಗ ದೇಹ ತಾನೇ ಗಾಬರಿ ಬಿದ್ದು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನ ರಕ್ತಕ್ಕೆ ಬಿಡುತ್ತೆ. ರಾತ್ರಿ ನಾನು ನಿದ್ದೆ ಮಾಡಿ, ಬೆಳಿಗ್ಗೆ ಆ 430 ಮಾತ್ರ ನೋಡಿದ್ರೆ ಏನು ಮಾಡ್ತಿದ್ದೆ? 4 ಯೂನಿಟ್ ಹಾಕ್ತಿದ್ದೆ. ಮೇಡಂ ಮಾತ್ರ ವಾಪಸ್ 1ಕ್ಕೆ ಇಳಿಸಿದ್ರು. ಅದಕ್ಕೇ ನನ್ನ ವಾದ: ಬೆಳಗಿನ ರೀಡಿಂಗ್ ಜಾಸ್ತಿ ಬಂತು ಅಂದ ಮಾತ್ರಕ್ಕೆ ಇನ್ಸುಲಿನ್ ಕಮ್ಮಿ ಆಗಿದೆ ಅಂತಲ್ಲ. ಎಷ್ಟೋ ಸಲ ಮಧ್ಯದಲ್ಲಿ ಏನಾಯ್ತು ಅಂತ ನಾವು ನೋಡೇ ಇರಲ್ಲ.

ಭಾಗ 4/5

ಹಾಗಾದ್ರೆ ಮಧ್ಯದ್ದನ್ನ ನೋಡೋದು ಹೇಗೆ? ವಾರಕ್ಕೊಂದು ಭಾನುವಾರ, ಇಂಜೆಕ್ಷನ್ ಆದಾಗಿಂದ ಎರಡೆರಡು ಗಂಟೆಗೆ ಒಂದು ಹನಿ, ಹನ್ನೆರಡು ಗಂಟೆವರೆಗೆ. ಒಟ್ಟು ಏಳು ರೀಡಿಂಗ್. ಅದನ್ನ ಗ್ರಾಫ್ ಮಾಡಿದ್ರೆ ಯಾವ ಹೊತ್ತಿಗೆ ಅತಿ ಕೆಳಗೆ ಇಳಿಯುತ್ತೆ ಅಂತ ಕಾಣುತ್ತೆ (ಫೋಟೋ 3, ನನ್ನ ಹಳೇ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದ ಗ್ರಾಫ್ ಶೀಟ್). ಮನೇಲೇ ಮಾಡೋದ್ರಿಂದ ಹೆದರಿಕೆಯ ಸಕ್ಕರೆ ಇದರಲ್ಲಿ ಕಮ್ಮಿ. ಅಜ್ಜಿಯ ಮೀಟರೇ ಬಳಸ್ತೀನಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ತೋರಿಸುತ್ತಂತೆ, ಆದ್ರೂ ಯಾವಾಗ್ಲೂ ಅದೇ ಮೀಟರ್ ಇದ್ರೆ ಏರಿಳಿತ ಗೊತ್ತಾಗುತ್ತೆ. ಇಂಥ ಮೀಟರ್ ಅಂತ ಡಾಕ್ಟರ್‌ಗೆ ಹೇಳಿ.

ನೋಟ್‌ಬುಕ್‌ನಲ್ಲಿ ನಂಬರ್ ಪಕ್ಕ ಬೇರೆ ಕಾಲಂ ಬೇಕು. ಎಷ್ಟು ತಿಂದ, ಯಾವ ಪಕ್ಕೆಗೆ ಚುಚ್ಚಿದೆ, ಔಷಧಿ ಕೂದಲಿಗೆ ಹೋಯ್ತಾ, ಕರೆಂಟ್ ಹೋಗಿ ಫ್ರಿಜ್ ಬಿಸಿ ಆಯ್ತಾ, ಮನೆಗೆ ನೆಂಟರ ಮಕ್ಕಳು ಬಂದು ಬಾಲ ಎಳೆದ್ರಾ. ನಮ್ಮ ಏರಿಳಿತದ ಅರ್ಧ ಉತ್ತರ ಈ ಕಾಲಂಗಳಲ್ಲೇ ಸಿಕ್ತು. ಎಲ್ಲ ಸರಿ ಇದ್ದೂ ಏರ್ತಾನೇ ಇದ್ರೆ ಹಲ್ಲು, ಮೂತ್ರದ ಸೋಂಕು ನೋಡಿಸ್ಬೇಕು.

ಇನ್ನೊಂದು, ಇದನ್ನ ಸೇವ್ ಮಾಡ್ಕೊಳ್ಳಿ, ಬೆಕ್ಕಿಲ್ಲದವರೂ. ಅಜ್ಜಿಯ ಇನ್ಸುಲಿನ್ ಬಾಟಲಿ 40ರದ್ದು, ಅಂದ್ರೆ ಒಂದು ಎಂಎಲ್‌ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಕ್ಯಾಪ್. ಕೆಂಚನ ಗ್ಲಾರ್ಜಿನ್ 100ರದ್ದು, ಸಿರಿಂಜಿಗೆ ಕೇಸರಿ ಕ್ಯಾಪ್. ಎರಡೂ ಒಂದೇ ಫ್ರಿಜ್ ಬಾಗಿಲಲ್ಲಿ. ಒಂದಿನ ಕೇಸರಿ ಖಾಲಿ ಆಗಿತ್ತು, ಕೆಂಪು ಎತ್ಕೊಂಡೇ ಬಿಟ್ಟಿದ್ದೆ. ಲೆಕ್ಕ ಹಾಕಿ: 100ರ ಔಷಧಿಯನ್ನ 40ರ ಸಿರಿಂಜಿನ 1ರ ಗೆರೆವರೆಗೆ ಎಳೆದ್ರೆ ಒಳಗೆ ಬರೋದು ಎರಡೂವರೆ ಯೂನಿಟ್. ನಾಲ್ಕೂವರೆ ಕೆಜಿ ಬೆಕ್ಕಿಗೆ ಅದು ಆಟ ಅಲ್ಲ. ಈಗ ಎರಡು ಬೇರೆ ಡಬ್ಬಿ ಮಾಡಿ ಒಂದರ ಮೇಲೆ ಅಜ್ಜಿ, ಇನ್ನೊಂದರ ಮೇಲೆ ಕೆಂಚ ಅಂತ ಬರೆದಿದೀನಿ.

ಭಾಗ 5/5

ಊಟದ ಜಗಳ. ನಮ್ಮದು ಮೊಟ್ಟೆ ಕೂಡ ತರದ ಮನೆ. ಕೆಂಚ ಒಂಬತ್ತು ವರ್ಷ ಹಾಲು ಅನ್ನ, ಅಜ್ಜಿಯ ಚಹಾದ ಬಿಸ್ಕೆಟ್ ತಿಂದು ಬೆಳೆದವನು. ಬೆಕ್ಕು ಮೂಲತಃ ಮಾಂಸ ತಿನ್ನೋ ಪ್ರಾಣಿ, ಅನ್ನ ಬಿಸ್ಕೆಟ್ ಅದರ ಸಕ್ಕರೆಗೆ ಒಳ್ಳೇದಲ್ಲ. ಅಮ್ಮ ಮೂರು ದಿನ ಮಾತು ಬಿಟ್ಟಿದ್ರು. ಕೊನೆಗೆ ಒಪ್ಪಂದ ಆಗಿದ್ದು: ಬೆಕ್ಕಿನ ಪ್ಯಾಕೆಟ್ ಊಟ ಹಿತ್ತಲಲ್ಲೇ ಬಿಚ್ಚೋದು, ತಟ್ಟೆ ಬೇರೆ, ತೊಳೆಯೋದು ನಾನು. ಇಲ್ಲೂ ಒಂದು ಅಪಾಯ ಇದೆ, ಯಾರೂ ಹೇಳಲ್ಲ. ಅನ್ನ ಬಿಡಿಸಿದ್ರೆ ಸಕ್ಕರೆ ತಾನಾಗೇ ಇಳಿಯುತ್ತೆ. ಅದೇ ಡೋಸ್ ಮುಂದುವರಿಸಿದ್ರೆ ಮತ್ತೆ ಜೋಳದ ಚೀಲದ ಹಿಂದಿನ ರಾತ್ರಿನೇ. ಊಟ ಬದಲಿಸೋ ಮೊದಲು ಡಾಕ್ಟರ್‌ಗೆ ಹೇಳಿ. ತಿನ್ನದೇ ಇದ್ದ ದಿನವೂ ಹಾಗೇ, ಸೂಜಿ ಎತ್ತೋ ಮೊದಲು ಫೋನ್ ಎತ್ತಿ.

ಹಾಗಲಕಾಯಿ ರಸ ಕುಡಿಸು ಅಂತ ಡಿಎಂ ಮಾಡಿದವರಿಗೆ: ಅಜ್ಜಿ ಆಗ್ಲೇ ಟ್ರೈ ಮಾಡಿದಾಳೆ. ಅವಳ ಕೈ ಮೇಲಿನ ಗೀರು ಫೋಟೋ 5ರಲ್ಲಿದೆ. ಮಾತ್ರೆ ಇಲ್ವಾ ಅಂದವರಿಗೆ: ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಅನ್ನೋ ಮಾತ್ರೆಗೆ ಬೆಕ್ಕುಗಳಿಗಾಗಿ ಅನುಮತಿ ಸಿಕ್ಕಿದೆ. ಅದು ಕೂಡ ಮೊದಲು ಇನ್ಸುಲಿನ್ ತಗೊಳ್ಳದ ಬೆಕ್ಕುಗಳಿಗೆ ಮಾತ್ರ. ಕೆಂಚನಿಗೆ ಆಗಲ್ಲ. ಇವನು ಹಾಕ್ಕೊಳ್ಳೋ ಗ್ಲಾರ್ಜಿನ್ ಮನುಷ್ಯರದ್ದೇ. ನಮ್ಮ ಬೆಂಗಳೂರಿನ ಬಯೋಕಾನ್ 2009ರಲ್ಲಿ ಅದನ್ನ ಬಾಸಲಾಗ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂದಿತ್ತು.

"ಒಂದು ಬೆಕ್ಕಿಗೆ ಇಷ್ಟು ಖರ್ಚಾ?" ಅಂತ ಕೇಳೋ ದೊಡ್ಡಪ್ಪಂಗೆ ಲೆಕ್ಕ ತೋರಿಸಿದೀನಿ. ತಿಂಗಳಿಗೆ 60 ಸಿರಿಂಜ್. ದಿನಕ್ಕೆರಡರಂತೆ 60 ಸ್ಟ್ರಿಪ್, ಭಾನುವಾರದ ಏಳರಲ್ಲಿ ಎರಡು ಆ ದಿನದ್ದೇ, ಉಳಿದ ಐದು ನಾಲ್ಕು ವಾರಕ್ಕೆ 20. ನನ್ನ ಟ್ಯೂಷನ್ ದುಡ್ಡಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ಹೋಗುತ್ತೆ. ನಾನೇನೂ ತ್ಯಾಗ ಮಾಡ್ತಿಲ್ಲ. ಶುರುವಿನಲ್ಲೇ ಚೆನ್ನಾಗಿ ಹಿಡಿತಕ್ಕೆ ತಂದ್ರೆ ಕೆಲವು ಬೆಕ್ಕುಗಳಿಗೆ ಕೆಲ ತಿಂಗಳಲ್ಲಿ ಇನ್ಸುಲಿನ್ನೇ ಬೇಡ ಅನ್ನೋ ಹಂತ ಬರುತ್ತೆ ಅಂತ ಮೇಡಂ ಹೇಳಿದಾರೆ. ಅದು ಕೆಂಚನಿಗೆ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಬಂದ್ರೆ ಈಗ ಬರಬೇಕು, ಅದಕ್ಕೇ ಈ ಓಡಾಟ.

ಹೋದ ಭಾನುವಾರದ ಏಳು ರೀಡಿಂಗ್: 262, 231, 176, 148, 159, 204, 247. ಡೋಸ್ ಇನ್ನೂ 1 ಯೂನಿಟ್ಟೇ. ನೀರಿನ ಬಟ್ಟಲು ಸಂಜೆವರೆಗೂ ಅರ್ಧ ಹಾಗೇ ಇತ್ತು. ಅಜ್ಜಿಗೆ ಖುಷಿ ಆಗಿದ್ದು ಅದನ್ನ ನೋಡಿ, ಗ್ರಾಫ್ ನೋಡಿ ಅಲ್ಲ.

ನಿಮ್ಮನೇಲಿ ಯಾರಿಗಾದ್ರೂ ಇನ್ಸುಲಿನ್ ಇದ್ರೆ ಈಗಲೇ ಎದ್ದು ಹೋಗಿ ಬಾಟಲಿ ಮೇಲೆ 40 ಅಂತ ಇದೆಯಾ 100 ಅಂತ ಇದೆಯಾ, ಸಿರಿಂಜ್ ಕ್ಯಾಪ್ ಯಾವ ಬಣ್ಣ ನೋಡಿ. ಹೊಂದ್ತಿಲ್ಲ ಅಂದ್ರೆ ಚುಚ್ಚೋ ಮೊದಲು ಡಾಕ್ಟರ್‌ಗೋ ಮೆಡಿಕಲ್‌ನವರಿಗೋ ಕೇಳಿ. ನೋಡಿದವರು ಕಾಮೆಂಟಲ್ಲಿ ಬರೀರಿ.

#ಕೆಂಚ #ಚಿಗಟೇರಿ #ಬೆಕ್ಕಿಗೂಶುಗರ್