ಮಿತಿ ಯಾರ ತಟ್ಟೆಗೆ?

2024ರ ಸೆಪ್ಟೆಂಬರ್ 8, ಭಾನುವಾರ. ಡಲ್ಲಾಸಿನ ಮಗಳ ಮನೆಯಲ್ಲಿ ಮಧ್ಯಾಹ್ನದ ಹುಳಿಗೆ ಬೇಳೆ ಬೇಯಲಿಟ್ಟಿದ್ದೆ. ಹಜಾರದಲ್ಲಿ ಟೀವಿಯ ಮುಂದೆ ಕೂತಿದ್ದ ಅಳಿಯಂದಿರು ಇದ್ದಕ್ಕಿದ್ದಂತೆ, "ಮುಗೀತು ಬಿಡಿ, ಎಲ್ಲಾ ಇವನೊಬ್ಬನೇ ತಿಂದ!" ಎಂದರು. ಯಾವುದೋ ಬ್ಯಾಂಕು ಮುಳುಗಿತೆಂದುಕೊಂಡು ಸೌಟು ಹಿಡಿದೇ ಹೊರಗೆ ಬಂದೆ.

ಮುಳುಗಿದ್ದು ಬ್ಯಾಂಕಲ್ಲ. ಡಲ್ಲಾಸ್ ಕೌಬಾಯ್ಸ್ ಎಂಬ ಫುಟ್‌ಬಾಲ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಜೊತೆ 4 ವರ್ಷಕ್ಕೆ 24 ಕೋಟಿ ಡಾಲರಿನ ಕರಾರು ಮಾಡಿಕೊಂಡಿತ್ತು. ವರ್ಷಕ್ಕೆ 6 ಕೋಟಿ ಡಾಲರು! ಆ ಆಟದಲ್ಲಿ ಅದುವರೆಗೆ ಯಾರಿಗೂ ವರ್ಷಕ್ಕೆ ಅಷ್ಟು ಸಿಕ್ಕಿರಲಿಲ್ಲ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಕಾಲ್ಚೆಂಡಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು, ಮೈಮೇಲೆ ಬೀಳುವವರನ್ನು ತಪ್ಪಿಸಿಕೊಂಡು ಓಡುವ ಆಟ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ದಾಟಿಸಬೇಕೋ, ಕಣ್ಣುಮುಚ್ಚಿ ತೆರೆಯುವುದರೊಳಗೆ ಅವನೇ ತೀರ್ಮಾನಿಸಬೇಕು. ಅವನು ಎಡವಿದರೆ ತಂಡವೇ ಎಡವಿದಂತೆ. ಹಾಗಾಗಿ ಅವನಿಗೆ ಬೆಲೆ.

"ಬೆಲೆ ಇದ್ದರೆ ಕೊಡಲಿ, ನಿಮಗೇನು ಸಂಕಟ?" ಎಂದು ಕೇಳಿದೆ.

"ಹಾಗಲ್ಲ ಅತ್ತೆ. ಇಲ್ಲಿ ಸ್ಯಾಲರಿ ಕ್ಯಾಪ್ ಅಂತ ಇದೆ. ಒಂದು ತಂಡ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ. ಇವನೇ ಇಷ್ಟು ತಿಂದರೆ ಉಳಿದವರಿಗೆ ಎಲ್ಲಿಂದ ಬರುತ್ತೆ?" ಎಂದರು.

ಮೇಷ್ಟರಗಿರಿ ಬಿಡುತ್ತದೆಯೇ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 2024ರಲ್ಲಿ ಪ್ರತಿ ತಂಡಕ್ಕೆ ಮಿತಿ 25.54 ಕೋಟಿ ಡಾಲರು. ಒಂದು ತಂಡದಲ್ಲಿ 53 ಜನ. ಒಬ್ಬನಿಗೆ 6 ಕೋಟಿ ಹೋದರೆ ಮಿಕ್ಕ 52 ಜನಕ್ಕೆ 19.54 ಕೋಟಿ. ಇದು ಸ್ಥೂಲ ಲೆಕ್ಕ, ನಿಜ. ಮುಂಗಡವಾಗಿ ಒಮ್ಮೆಲೇ ಕೊಟ್ಟ ಹಣವನ್ನು ಪುಸ್ತಕದಲ್ಲಿ 5 ವರ್ಷದವರೆಗೆ ಕಂತು ಮಾಡಿ ಬರೆದುಕೊಳ್ಳುವ ಉಪಾಯ ಅವರಿಗಿದೆ. ಆದರೆ ಕಂತು ಇಂದಲ್ಲ ನಾಳೆ ತೀರಲೇಬೇಕು. ಮೇಲುನೋಟಕ್ಕೆ ಅಳಿಯಂದಿರ ಮಾತು ಸರಿಯೆನಿಸಿತು.

ಆದರೆ ಮೂವತ್ತು ವರ್ಷ ಒಂದೇ ಸಂಬಳದಲ್ಲಿ ಸಂಸಾರ ತೂಗಿಸಿದ ಯಾವ ಹೆಂಗಸೂ ಅಲ್ಲಿಗೆ ನಿಲ್ಲುವುದಿಲ್ಲ. ಅನ್ನ ಸಾಲದೆ ಬಂದಾಗ ಹೆಚ್ಚು ಉಂಡವನನ್ನು ಮನೆಯವರೆಲ್ಲ ಬೈಯುತ್ತಾರೆ. ಅಕ್ಕಿ ಅಳೆದುಕೊಟ್ಟವರು ಯಾರು, ಉಗ್ರಾಣದಲ್ಲಿ ಇನ್ನೆಷ್ಟಿದೆ ಎಂದು ಕೇಳುವವರು ಕಡಿಮೆ. ನಾನು ಕೇಳಿದೆ: "ಈ ಮಿತಿ ಆಟಗಾರರಿಗೆ. ಸರಿ, ಯಜಮಾನರಿಗೆ ಎಷ್ಟು?"

ಅಳಿಯಂದಿರು ನಕ್ಕರು. ಯಜಮಾನರಿಗೆ ಮಿತಿಯೇ ಇಲ್ಲ. ತರಬೇತುದಾರರ ಸಂಬಳಕ್ಕೂ ಇಲ್ಲ. ಮೈದಾನದಲ್ಲಿ ಮೂಳೆ ಮುರಿಸಿಕೊಳ್ಳುವವರ ಸಂಬಳಕ್ಕೆ ಮಾತ್ರ.

ಅಂಕಿಗಳು ಹೇಳುವುದನ್ನು ಕೇಳಿ. ಈ ಮಿತಿ ಬಂದದ್ದು 1994ರಲ್ಲಿ. ಆಗ ಅದು 3.46 ಕೋಟಿ ಡಾಲರು. ಮೂವತ್ತು ವರ್ಷದಲ್ಲಿ ಏಳು ಪಟ್ಟು ಚಿಲ್ಲರೆ ಬೆಳೆದಿದೆ. ಜೆರ್ರಿ ಜೋನ್ಸ್ ಎಂಬ ಶ್ರೀಮಂತ 1989ರಲ್ಲಿ ಡಲ್ಲಾಸ್ ತಂಡವನ್ನು ಕೊಂಡದ್ದು ಸುಮಾರು 14 ಕೋಟಿ ಡಾಲರಿಗೆ. 2024ರಲ್ಲಿ ಫೋರ್ಬ್ಸ್ ಪತ್ರಿಕೆ ಅದರ ಬೆಲೆಯನ್ನು 1,010 ಕೋಟಿ ಡಾಲರೆಂದು ಅಂದಾಜು ಮಾಡಿತು. ಎಪ್ಪತ್ತು ಪಟ್ಟಿಗೂ ಹೆಚ್ಚು! "ಎಲ್ಲಾ ಇವನೊಬ್ಬನೇ ತಿಂದ" ಎಂಬ ಮಾತು ಪ್ರೆಸ್ಕಾಟ್‌ಗೆ ಹೇಗೆ ಅಂಟಿಕೊಂಡಿತು, ಜೋನ್ಸ್‌ಗೆ ಏಕೆ ಅಂಟಲಿಲ್ಲ?

ಮಿತಿಯ ಪರವಾಗಿ ಒಂದು ಒಳ್ಳೆಯ ವಾದ ಇದೆ. ಅದನ್ನು ಮರೆಮಾಚಬಾರದು. ಗ್ರೀನ್ ಬೇ ಎಂಬ ಸಣ್ಣ ಊರಿನ ತಂಡ ನ್ಯೂಯಾರ್ಕಿನ ತಂಡದೆದುರು ತಲೆಯೆತ್ತಿ ಆಡುವುದು ಇದರಿಂದಲೇ, ಇಲ್ಲದಿದ್ದರೆ ದುಡ್ಡಿದ್ದವರೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತಿದ್ದರು ಎನ್ನುತ್ತಾರೆ. ಕೇಳಲು ನ್ಯಾಯವಾಗಿದೆ. ಆದರೆ ಗ್ರೀನ್ ಬೇ 1960ರ ದಶಕದಲ್ಲೇ ಮತ್ತೆಮತ್ತೆ ಚಾಂಪಿಯನ್ ಆಗಿತ್ತಲ್ಲ? ಟೀವಿಯಿಂದ ಬರುವ ಹಣವನ್ನು ತಂಡಗಳು ಸಮನಾಗಿ ಹಂಚಿಕೊಳ್ಳುವ ಪದ್ಧತಿ ಆ ದಶಕದ ಆರಂಭದಲ್ಲೇ ಬಂದಿತ್ತು. ಸಣ್ಣ ಊರನ್ನು ಉಳಿಸಿದ್ದು ಯಜಮಾನರು ತಮ್ಮತಮ್ಮಲ್ಲೇ ಹಂಚಿಕೊಂಡ ಆ ಹಣ. ಆಟಗಾರರ ಸಂಬಳಕ್ಕೆ ಮಿತಿ ಬಂದದ್ದು ಮೂವತ್ತು ವರ್ಷ ಕಳೆದ ಮೇಲೆ. ಆಟಗಾರರು ಕೋರ್ಟಿನಲ್ಲಿ ಹೋರಾಡಿ, ಕರಾರು ಮುಗಿದ ಮೇಲೆ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಪಡೆದುಕೊಂಡಾಗ, ಅದಕ್ಕೆ ಪ್ರತಿಯಾಗಿ ಯಜಮಾನರು ಪಡೆದುಕೊಂಡದ್ದು ಈ ಮಿತಿಯನ್ನು.

2020ರ ಒಪ್ಪಂದದಲ್ಲಿ ಆದಾಯದ ನೂರಕ್ಕೆ 48 ಪಾಲು ಆಟಗಾರರಿಗೆ ಎಂದಾಯಿತು. ಯಜಮಾನರಿಗೂ ಖರ್ಚಿದೆ, ಒಪ್ಪೋಣ. ಆದರೂ ಆಟಗಾರರ ಪೈಕಿ 1,019 ಜನ ಒಪ್ಪಿ, 959 ಜನ ಬೇಡವೆಂದರು. ಅರವತ್ತೇ ಮತಗಳ ಅಂತರ. ಹೊಟ್ಟೆ ತುಂಬಿದವರು ಹೀಗೆ ಮತ ಹಾಕುತ್ತಾರೆಯೇ?

ಅದೇ ದಿನ ಡಲ್ಲಾಸ್ ತಂಡಕ್ಕೆ ಕ್ಲೀವ್‌ಲ್ಯಾಂಡಿನಲ್ಲಿ ಆಟವಿತ್ತು. ಅಳಿಯಂದಿರ ಪಕ್ಕ ಕೂತು ನಾನೂ ನೋಡಿದೆ. ಟೀವಿಯಲ್ಲಿ ಮೊದಲ ಬಾರಿಗೆ ವೀಕ್ಷಕ ವಿವರಣೆಗೆ ಕೂತಿದ್ದವನು ಟಾಮ್ ಬ್ರೇಡಿ, ಏಳು ಸಲ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್. 2013ರಲ್ಲಿ ಜೋ ಫ್ಲಾಕೋ ಎಂಬವನು ವರ್ಷಕ್ಕೆ 2 ಕೋಟಿ ಡಾಲರಿನ ಕರಾರು ಪಡೆದಾಗ, ಬ್ರೇಡಿ ತನ್ನ ಕರಾರನ್ನು ಮುಂದಿನ 3 ವರ್ಷಕ್ಕೆ ಒಟ್ಟು 2.7 ಕೋಟಿಗೆ ವಿಸ್ತರಿಸಿಕೊಂಡ. ಜೊತೆಯವರಿಗೆ ಉಳಿಯಲೆಂದು ಬಿಟ್ಟುಕೊಟ್ಟ, ಎಂಥಾ ತ್ಯಾಗ ಎಂದು ಜನ ಕೊಂಡಾಡಿದರು.

ತ್ಯಾಗ ಎಂಬ ಮಾತು ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಎಲ್ಲರೂ ಎದ್ದ ಮೇಲೆ ತಳದ ಸಾರು ಬಳಿದುಕೊಂಡು ಉಂಡವಳನ್ನು ಅನ್ನಪೂರ್ಣೆ ಎಂದು ಹೊಗಳಿ, ಮರುದಿನವೂ ಅಷ್ಟೇ ಅಕ್ಕಿ ಅಳೆದುಕೊಡುವ ಜಾಣತನ ನಮಗೆ ಹೊಸದೇನಲ್ಲ. ಬ್ರೇಡಿ ಬಿಟ್ಟುಕೊಟ್ಟದ್ದು ಯಜಮಾನನ ಬದಲು. ಯಜಮಾನ ಬಿಟ್ಟುಕೊಡಬೇಕೆಂದು ಯಾರೂ ಕೇಳಲಿಲ್ಲ. ಈ ಮಿತಿಯ ಹಂಗಿಲ್ಲದ ಟೀವಿಯವರು ಅದೇ ಮನುಷ್ಯನಿಗೆ ಕೂತು ಮಾತಾಡಲು 10 ವರ್ಷಕ್ಕೆ 37.5 ಕೋಟಿ ಡಾಲರು ಕೊಡಲು ಮುಂದೆ ಬಂದರೆಂದು ಪತ್ರಿಕೆಗಳು ಬರೆದವು. ಇಪ್ಪತ್ತಮೂರು ಋತು ಮೈ ನುಗ್ಗಾಗಿಸಿಕೊಂಡು ಆಡಿ ಗಳಿಸಿದ ಸಂಬಳಕ್ಕಿಂತ ಹೆಚ್ಚು!

ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್. ಅವನ ಕಥೆ ಕೇಳಿದ ಮೇಲೆ ನನಗೆ ಆಟ ನೋಡಲಾಗಲಿಲ್ಲ. ಮಸಾಜ್ ಮಾಡುವ ವೃತ್ತಿಯ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಅವನು ಅಸಭ್ಯವಾಗಿ ವರ್ತಿಸಿದನೆಂದು ಸಿವಿಲ್ ದಾವೆ ಹೂಡಿದ್ದರು. ಅವನು ಅಲ್ಲಗಳೆದ. ಟೆಕ್ಸಾಸಿನ ಎರಡು ಗ್ರ್ಯಾಂಡ್ ಜ್ಯೂರಿಗಳು ಕ್ರಿಮಿನಲ್ ಆರೋಪ ಹೊರಿಸಲಿಲ್ಲ. ದಾವೆಗಳು ಇನ್ನೂ ಬಾಕಿ ಇರುವಾಗಲೇ, 2022ರ ಮಾರ್ಚಿನಲ್ಲಿ, ಕ್ಲೀವ್‌ಲ್ಯಾಂಡ್ ತಂಡ ಅವನಿಗೆ 5 ವರ್ಷಕ್ಕೆ 23 ಕೋಟಿ ಡಾಲರು ಕೊಟ್ಟಿತು, ಪೂರ್ತಿ ಖಾತ್ರಿಯೊಂದಿಗೆ. ಆಡಲಿ ಬಿಡಲಿ, ಹಣ ಅವನದೇ. ಮೊದಲ ವರ್ಷದ ಮೂಲ ಸಂಬಳವನ್ನು ಮಾತ್ರ 10 ಲಕ್ಷ ಚಿಲ್ಲರೆಗೆ ಇಳಿಸಿಟ್ಟರು. ಅಮಾನತಾದರೆ ಕಡಿತವಾಗುವುದು ಆ ಮೂಲ ಸಂಬಳದಲ್ಲಿ! ಮುಂದೆ 11 ಆಟಗಳ ಅಮಾನತು, 50 ಲಕ್ಷ ದಂಡ ಆಯಿತು. ಆ ಹೆಂಗಸರ ಪೈಕಿ ಬಹುತೇಕರು ಪರಿಹಾರದ ಒಪ್ಪಂದ ಮಾಡಿಕೊಂಡರು.

ಇತರ ಯಜಮಾನರು ಆಗ ಯಾವುದಕ್ಕೆ ಗಾಬರಿಯಾದರು, ಹೇಳಿ? ಖಾತ್ರಿ ಎಂಬ ಮಾತಿಗೆ. ಬಹುಪಾಲು ಆಟಗಾರರ ಕರಾರಿನಲ್ಲಿ ಬರೆದ ಮೊತ್ತಕ್ಕೆಲ್ಲ ಖಾತ್ರಿ ಇರುವುದಿಲ್ಲ. ಮಂಡಿ ಮುರಿದರೆ ಮನೆಗೆ ಕಳಿಸಬಹುದು. ವಾಟ್ಸನ್ ನೋಡಿ ಉಳಿದವರೂ ಖಾತ್ರಿ ಕೇಳಿದರೆ? ಅದೇ ತಿಂಗಳ ಯಜಮಾನರ ಸಭೆಯಲ್ಲಿ, ಖಾತ್ರಿ ಮೊತ್ತ ತಗ್ಗಿಸುವಂತೆ ಲೀಗು ತಂಡಗಳನ್ನು ಉತ್ತೇಜಿಸಿತ್ತೆಂದು ಮಧ್ಯಸ್ಥಗಾರರೊಬ್ಬರ ತೀರ್ಪು ಹೇಳಿತು. ತಂಡಗಳು ಕೂಡಿ ಸಂಚು ಮಾಡಿದ್ದು ಸಾಬೀತಾಗಿಲ್ಲ ಎಂದೂ ಅದೇ ತೀರ್ಪು ಹೇಳಿತು. 2025ರಲ್ಲಿ ಅದು ಬಯಲಿಗೆ ಬಂತು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರ ದೂರು ಕದಲಿಸದ ಕುರ್ಚಿಗಳನ್ನು ಒಂದು ಖಾತ್ರಿಯ ಮಾತು ಕದಲಿಸಿತು.

ಇನ್ನು ತಟ್ಟೆಯೇ ಇಲ್ಲದವರ ಮಾತು. ಮೈದಾನದ ಅಂಚಿನಲ್ಲಿ ಕುಣಿದು ಹುರಿದುಂಬಿಸುವ ಹುಡುಗಿಯರ ಕೂಲಿ ಈ ಮಿತಿಯ ಲೆಕ್ಕದಲ್ಲಿ ಬರುವುದೇ ಇಲ್ಲ. 2014ರಲ್ಲಿ ಓಕ್ಲೆಂಡ್ ತಂಡದ ಹುಡುಗಿಯೊಬ್ಬಳು ದಾವೆ ಹೂಡಿದಾಗ ಲೋಕಕ್ಕೆ ತಿಳಿದದ್ದು: ಒಂದು ಆಟಕ್ಕೆ 125 ಡಾಲರು, ಅಭ್ಯಾಸದ ಹೊತ್ತೂ ಸೇರಿಸಿದರೆ ಗಂಟೆಗೆ 5 ಡಾಲರಿಗೂ ಕಡಿಮೆ. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿ, ಇವರೂ ನೌಕರರು ಎಂದು ಹೇಳಬೇಕಾಯಿತು. ಅವರ ಕೂಲಿ ಏರಿಸಲು ಯಾವ ಕ್ಯಾಪ್ ಅಡ್ಡ ಬಂದಿತ್ತು?

ಕೊನೆಯದಾಗಿ ವಾಷಿಂಗ್ಟನ್ ತಂಡದ ಯಜಮಾನ ಡಾನ್ ಸ್ನೈಡರ್. ಅವನ ಕಚೇರಿಯಲ್ಲಿ ಹೆಂಗಸರಿಗಾದ ಕಿರುಕುಳ ಮತ್ತು ಹಣಕಾಸಿನ ಲೋಪದ ತನಿಖೆ ಮುಗಿದು, 2023ರಲ್ಲಿ ಲೀಗು 6 ಕೋಟಿ ಡಾಲರು ದಂಡ ಹಾಕಿತು. ಪ್ರೆಸ್ಕಾಟ್‌ನ ಒಂದು ವರ್ಷದ ಸಂಬಳದಷ್ಟು. ಅದೇ ವರ್ಷ ಸ್ನೈಡರ್, 80 ಕೋಟಿಗೆ ಕೊಂಡಿದ್ದ ತಂಡವನ್ನು 605 ಕೋಟಿ ಡಾಲರಿಗೆ ಮಾರಿ ಹೊರಟ. ದಂಡ ನೂರಕ್ಕೆ ಒಂದೂ ಆಗಲಿಲ್ಲ.

ರಾತ್ರಿ ಬಡಿಸುವಾಗ ಅಳಿಯಂದಿರು ಹುಳಿ ಇನ್ನೊಂದು ಸಲ ಹಾಕಿಸಿಕೊಂಡರು. ಮಗಳು, "ಅಮ್ಮಾ, ಇವರೊಬ್ಬರೇ ತಿಂದರು ಅನ್ನಬೇಡ" ಎಂದು ನಕ್ಕಳು. ನಾನು ಹೇಳಿದೆ: "ದುಡಿದು ಹಸಿದವರು ತಿನ್ನಲಿ. ನೂರು ತಟ್ಟೆ ಎಣಿಸುವ ಮೊದಲು, ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ನೋಡಿ."