ಘಾನಾಕ್ಕೆ ಲಸಿಕೆ, ಜೋಗಕ್ಕೆ ಮೌನ

ನಮ್ಮ ಪಟ್ಟಣಿಗರೊಬ್ಬರು ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೊರಟರೆನ್ನಿ. ಹೊರಡಲು ಹತ್ತು ದಿನ ಮೊದಲಾದರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು; ಅದರ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದಿರಬೇಕು. ಇದನ್ನು ಪ್ರವಾಸದ ಏಜೆಂಟರು ಹೇಳುತ್ತಾರೆ, ಹೋಗಿಬಂದವರು ಹೇಳುತ್ತಾರೆ, ಘಾನಾದವರೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹೇಳಿದ್ದರಿಂದ ಆ ದೇಶದ ಮಾನವೇನೂ ಹೋಗಿಲ್ಲ.

ಅದೇ ಮಹನೀಯರು ಜನವರಿಯಲ್ಲಿ ಸಂಸಾರಸಮೇತ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಗೆ ಬರಲಿ. ಜೋಗ ನೋಡಿ, ಕೊಡಚಾದ್ರಿ ಹತ್ತಿ, ಕವಲೇದುರ್ಗದ ಹಾದಿ ತುಳಿಯಿರಿ ಎನ್ನುವ ಬಾಯಿಗಳು ನೂರು. ಮಂಗನ ಕಾಯಿಲೆಯ ಮಾತೆತ್ತುವ ಬಾಯಿ ಅಪರೂಪ. “ಬಂದವರನ್ನು ಹೆದರಿಸಬೇಡಿ ಮಾರಾಯರೆ, ಸೀಸನ್ ಕೆಡುತ್ತದೆ” ಎಂದು ವಸತಿಗೃಹದ ಯಜಮಾನರೊಬ್ಬರು ನನಗೆ ಬುದ್ಧಿ ಹೇಳಿದ್ದುಂಟು. ಆ ಬುದ್ಧಿಯನ್ನು ನಾನು ಒಪ್ಪಲಾರೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಹಳದಿ ಜ್ವರವೇ ಭಾರತಕ್ಕೆ ಬಂದಿತೋ ಎಂದು ತಜ್ಞರು ಮೊದಲು ಶಂಕಿಸಿದ್ದರು. ಅದಲ್ಲ, ಅದೇ ಕುಲಕ್ಕೆ ಸೇರಿದ ಬೇರೊಂದು ವೈರಸ್ ಎಂದು ಆಮೇಲೆ ತಿಳಿಯಿತು. ಅದನ್ನು ಹರಡುವುದು ಸೊಳ್ಳೆ. ಇದನ್ನು ಹರಡುವುದು ಉಣುಗು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸೀಮೆಯಲ್ಲಿ ಇದು ಹಲವರ ಜೀವ ತೆಗೆಯಿತು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಹಾಗಿರುವಾಗ ಪ್ರವಾಸಿಗೆ ಮೊದಲ ಮದ್ದು ಮುನ್ನೆಚ್ಚರಿಕೆಯ ಮಾತು. ಆ ಮಾತನ್ನೂ ಬಚ್ಚಿಟ್ಟರೆ ಉಳಿಯುವುದೇನು?

ಅದಾದರೂ ಎಷ್ಟು ದೊಡ್ಡ ಮಾತು! ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಬೇಕು. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು. ಮರಳಿದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ತೊಟ್ಟ ಬಟ್ಟೆಯನ್ನು ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಊರು ಸೇರಿದ ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ “ಮಲೆನಾಡಿನ ಕಾಡು ಹೊಕ್ಕಿದ್ದೆ” ಎಂದು ವೈದ್ಯರಿಗೆ ಹೇಳಬೇಕು. ಹೇಳದಿದ್ದರೆ ಬೆಂಗಳೂರಿನ ವೈದ್ಯರು ಡೆಂಗಿಯ ಜಾಡು ಹಿಡಿದಾರು, ತಪ್ಪು ಅವರದಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಆದ್ದರಿಂದ ನಮ್ಮ ಊರುಗಳನ್ನೇ ದೂರವಿಡಬೇಕಾದ ಕಾರಣವಿಲ್ಲ.

ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವ ನಮ್ಮ ಹೆಂಗಸರಿಗೆ ಈ ಭಯ ಮನೆಯ ಮಾತು. ಅವರಿಗೆ ಗೊತ್ತಿರುವುದನ್ನು ಅತಿಥಿಗೆ ಹೇಳದೆ ಬಿಸಿ ಬಿಸಿ ಕಡುಬು ಬಡಿಸಿ ಕಳಿಸುವುದು ಯಾವ ಸೀಮೆಯ ಆತಿಥ್ಯ? ಕತ್ತಲಲ್ಲಿ ಬಂದ ನೆಂಟನಿಗೆ ಅಂಗಳದ ಬಾವಿ ಕಾಣುವಂತೆ ದೀಪ ಹಿಡಿಯುವುದು ಮಲೆನಾಡಿನ ಮನೆಗಳ ಪದ್ಧತಿ. ವಸತಿಗೃಹಗಳ ಬಾಗಿಲಲ್ಲಿ, ಚಾರಣದ ಚೀಟಿಯ ಬೆನ್ನಿನಲ್ಲಿ ಈ ನಾಲ್ಕು ಸಾಲು ಅಚ್ಚಾಗಲಿ. ಅದರಿಂದ ಸೀಸನ್ ಕೆಡುವುದಾದರೆ ಕೆಡಲಿ. ಬಂದವರು ಕ್ಷೇಮವಾಗಿ ಮನೆ ಸೇರಲಿ.