ಖೋಲಿ ಯಾರ ಹೆಸರಿನಲ್ಲಿದೆ?



ಮುಂಬೈಯ ಲಾಲಬಾಗ, ಪರಳ, ವರಳಿ ಭಾಗಕ್ಕೆ ಗಿರಣಗಾಂವ, ಅಂದರೆ ಗಿರಣಿಗಳ ಊರು, ಎಂದು ಹೆಸರು. 1850ರ ದಶಕದಲ್ಲಿ ಮುಂಬೈಯಲ್ಲಿ ಮೊದಲ ಬಟ್ಟೆ ಗಿರಣಿ ಎದ್ದ ಮೇಲೆ, ಕೊಂಕಣದಿಂದಲೂ ಘಟ್ಟದ ಮೇಲಿಂದಲೂ ಬಂದ ಬಡವರ ಬೆವರಿನಿಂದ ಬೆಳೆದ ಊರು. ಇದರ ಚರಿತ್ರೆ ಕೇಳಿದರೆ ಗಂಡಸರ ಮುಷ್ಕರದ ಕಥೆ ಹೇಳುತ್ತಾರೆ. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು, ನಿಜ. ಆದರೆ ಅವರ ಒಲೆ ಉರಿಸಿದವಳ ಹೆಸರು ಎಲ್ಲಿದೆ?

ಗಿರಣಿಯೊಳಗೂ ಹೆಂಗಸರಿದ್ದರು. 1920ರ ದಶಕದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬಳು. ಹೊಸ ಯಂತ್ರ ಬಂದಾಗ, ಹೆರಿಗೆ ಭತ್ಯೆಯ ಕಾನೂನು ಬಂದಾಗ, ಮಾಲೀಕರು ಮನೆಗೆ ಕಳಿಸಿದ್ದು ಅವಳನ್ನೇ. ಮನೆಯೆಂದರೇನು? ಚಾಳಿನ ಒಂದು ಖೋಲಿ. ಬಿಡಿಡಿ ಚಾಳುಗಳಲ್ಲಿ ಅದು 160 ಚದರಡಿ. ಅಂಥ ಖೋಲಿಯಲ್ಲೇ ಖಾನಾವಳಿ ನಡೆಸಿ, ಹೆಂಡತಿ-ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದಳು. ಕಾಳು-ಕಡಿಗೆ ಸಾಲ, ಸಾಲಕ್ಕೆ ಸುಡುವ ಬಡ್ಡಿ.

1975ರಲ್ಲಿ ಪ್ರೇಮಾ ಪುರವ ಅವರು ಈ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಬ್ಯಾಂಕಿನ ಸಾಲ ಅವರ ಕೈಗೇ ಬಂತು. ನಮ್ಮಂಥ ಗುಂಪುಗಳಿಗೆ ನಬಾರ್ಡ್ ಯೋಜನೆ ಬಂದದ್ದು 1992ರಲ್ಲಿ. ನಮಗಿಂತ ಮೊದಲೇ ಈ ದಾರಿ ತುಳಿದವರು ಖಾನಾವಳಿಯ ಅಕ್ಕಂದಿರು.

ಇಂದು ಎಷ್ಟೋ ಗಿರಣಿಗಳ ಜಾಗದಲ್ಲಿ ಮಾಲುಗಳು ನಿಂತಿವೆ. ಚಾಳಿನಲ್ಲಿ ಎಲ್ಲರೂ ಒಂದೇ ಮನೆಯವರಂತಿದ್ದರು ಎಂದು ಈಗ ಹಾಡಿ ಹೊಗಳುವವರಿದ್ದಾರೆ. ಅವರಿಗೆ ಒಂದು ಪ್ರಶ್ನೆ: ಗೋಡೆಯಾಚೆ ಹೊಡೆತದ ಸದ್ದು ಕೇಳಿಯೂ 'ಅದು ಗಂಡ-ಹೆಂಡಿರ ಜಗಳ' ಎಂದು ಕದ ಹಾಕಿಕೊಂಡರೆ ಅದು ಯಾವ ಒಗ್ಗಟ್ಟು? ಬೀದಿಯಲ್ಲಿ ಮಾಲೀಕನ ವಿರುದ್ಧ ಘೋಷಣೆ, ಮನೆಯಲ್ಲಿ ತಾನೇ ಮಾಲೀಕ!

'ಇದು ನನ್ನ ಮನೆ, ಹೊರಗೆ ನಡೆ' ಎಂಬ ಮಾತು ಹೊಡೆತಕ್ಕಿಂತ ಹೆಚ್ಚು ಹೆದರಿಸುತ್ತದೆ. ಹೆದರಬೇಡಿ. ಬಾಡಿಗೆ ಚೀಟಿ, ಪಟ್ಟಾ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಉಳಿಯುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ನಮಗೆ ಕೊಟ್ಟಿದೆ.

ನಮ್ಮನ್ನೂ ನಾವು ಕೇಳಿಕೊಳ್ಳೋಣ. ಸಂಘದ ಸಾಲ ನಮ್ಮ ಹೆಸರಿಗಿದೆ, ದುಡ್ಡು ಯಾರ ಜೇಬಿಗೆ ಹೋಯಿತು? ಅದೇ ಸಾಲವನ್ನು ಮಗಳ ವರದಕ್ಷಿಣೆಗೆ ಸುರಿದರೆ, ಅವಳ ಕೊರಳಿನ ಹಗ್ಗವನ್ನು ನಾವೇ ಹೊಸೆದಂತಲ್ಲವೇ? ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವ ಮೊದಲು ಈ ಲೆಕ್ಕ ತೆರೆಯೋಣ. ಪಕ್ಕದ ಮನೆಯ ಕೂಗು ಕೇಳಿದರೆ ಹತ್ತು ಜನ ಒಟ್ಟಿಗೆ ಹೋಗಿ ಕದ ತಟ್ಟೋಣ.